ಬೀಗತಿಯ ಪಾಲಾದ ಸೂಜಿ

ನರ್ಸಿಂಗ್ ಓದಲು ಸೇರಿದವರಿಗೆ ಎಲ್ಲಕ್ಕಿಂತ ಮೊದಲು ಕಲಿಸುವುದು ಕೈ ತೊಳೆಯುವುದನ್ನು. ಈ ಸಂಗತಿಯನ್ನು ನಮ್ಮ ಮಸ್ಕಿಯ ಮನೆಯಲ್ಲಿ ಬಾಯಿಬಿಟ್ಟದ್ದು ನನ್ನ ಮೊದಲ ತಪ್ಪು. ಸಿಂಧನೂರಿನ ಕಾಲೇಜಿನಿಂದ ಮೊದಲ ಸಲ ರಜೆಗೆ ಬಂದಿದ್ದೆ. ಹುರುಪಿನಲ್ಲಿ ಹಿತ್ತಲಿನ ನಳದ ಕೆಳಗೆ ನಿಂತು ಅಂಗೈಗೆ ಅಂಗೈ, ಅಂಗೈಯ ಹಿಂಬದಿ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಎಂದು ಒಂದೊಂದಾಗಿ ತಿಕ್ಕಿ ತೋರಿಸಿದೆ. ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೊನೆಯವರೆಗೂ ನೋಡಿದಳು.

"ಇದನ್ನ ಕಲಿಯಾಕ ನಾಕು ವರ್ಷ ಬೇಕೇನು ಬೇ?" ಎಂದಳು. "ಮನ್ಯಾಗ ಇದ್ದಿದ್ರ ನಾನ ಕಲಸ್ತಿದ್ನೆಲ್ಲ."

ಸಂಜೆಯೊಳಗೆ ಮಾತು ಓಣಿಯೆಲ್ಲ ತಿರುಗಿತು. ಕಿರಾಣಿ ಅಂಗಡಿಗೆ ಹೋದರೆ ಅಲ್ಲಿ ಕೂತಿದ್ದ ಹಿರಿಯರೊಬ್ಬರು, "ಏನವ್ವ, ಕೈ ಮುಗದ್ವಂತ. ಕಾಲು ಎರಡನೇ ವರ್ಷಕ್ಕೇನು?" ಎಂದು ವಿಚಾರಿಸಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚಹಾಪುಡಿ ತರಲು ಹೋದವಳು ಬರಿಗೈಯಲ್ಲಿ ತಿರುಗಿ ಬಂದೆ. ಅದಕ್ಕೂ ಅಜ್ಜಿಯಿಂದ ಬೈಸಿಕೊಂಡೆ.

ನನ್ನ ಸಿಟ್ಟಿನ ಮಾತು ಇಲ್ಲಿ ಏಕೆ ಬಂತೆಂದರೆ, ಮುಂದೆ ಲಿಂಗಸುಗೂರಿನ ಒಂದು ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿನ ಜೀವಕ್ಕೆ ನಾನು ಕುತ್ತು ತಂದೆ. ಅದಕ್ಕೆ ಅರ್ಧ ಕಾರಣ ನನ್ನ ಸಿಟ್ಟು. ಇನ್ನರ್ಧ ಕಾರಣ ನಮ್ಮ ಕಡೆಯ ಬೀಗತನ.

ಎರಡನೆಯ ವರ್ಷ ನಮಗೆ ಸೂಜಿ ಕೊಡುವುದನ್ನು ಕಲಿಸಿದರು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ಈ ಐದನ್ನೂ ನೋಡದೆ ಯಾರ ಮೈಗೂ ಸೂಜಿ ತಾಗಿಸಬಾರದು. ಕಾಲೇಜಿನಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಗೊಂಬೆ ಮಂಚದ ಮೇಲೆ ಮಲಗಿರುತ್ತಿತ್ತು. ಅದರ ಹತ್ತಿರ ಹೋಗಿ, "ನಿಮ್ಮ ಹೆಸರೇನು?" ಎಂದು ಕೇಳಬೇಕು. ಗೊಂಬೆಯ ಪರವಾಗಿ ನಾವೇ ಸಣ್ಣ ದನಿ ಮಾಡಿ ಉತ್ತರ ಹೇಳಬೇಕು. ಹೇಳಿದ ಹೆಸರು ಹಾಳೆಯಲ್ಲಿ ಬರೆದ ಹೆಸರಿಗೆ ಕೂಡಿದರೆ ಮಾತ್ರ ಮುಂದಿನ ಕೆಲಸ. "ನೀವು ಇಂಥವರಲ್ಲವೇ?" ಎಂದು ಕೇಳಿದರೆ ಮೇಡಂ ಅಂಕ ಕಡಿಯುತ್ತಿದ್ದರು. ಹಾಗೆ ಕೇಳಿದರೆ ಅರೆನಿದ್ದೆಯಲ್ಲಿರುವ ರೋಗಿ ಯಾವ ಹೆಸರಿಗೂ ಹೂಂ ಅನ್ನುತ್ತಾನೆ, ಅವನ ಬಾಯಿಂದಲೇ ಹೆಸರು ಬರಬೇಕು ಎನ್ನುವುದು ಅವರ ಪಾಠ.

ಗೊಂಬೆಗಿಂತ ಒಳ್ಳೆಯ ರೋಗಿಯನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಕೇಳಿದಷ್ಟೇ ಹೇಳುತ್ತಿತ್ತು.

ಕಾಲೇಜಿನಿಂದ ತರಬೇತಿಗೆಂದು ಲಿಂಗಸುಗೂರಿನ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ನನ್ನನ್ನು ಹಾಕಿದ ಮೊದಲ ದಿನ ಒಬ್ಬ ಮುದುಕಿಯ ಮುಂದೆ ನಿಂತು ಹೆಸರು ಕೇಳಿದೆ. ಆಕೆ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಮದ್ಲ ನೀ ಯಾರ ಮಗಳು ಹೇಳು," ಎಂದಳು. ಹೇಳಿದೆ. ಊರು ಕೇಳಿದಳು, ತಾಯಿಯ ತವರು ಕೇಳಿದಳು, ಲಗ್ನ ಯಾಕೆ ಆಗಿಲ್ಲ ಎಂದು ಕೇಳಿದಳು. ತನ್ನ ಹೆಸರು ಮಾತ್ರ ಹೇಳಲಿಲ್ಲ. ಇನ್ನೊಬ್ಬಳು ಎರಡನೆಯ ಸಲ ಕೇಳಿದ್ದಕ್ಕೇ ಕೆರಳಿದಳು. "ಮುಂಜಾನೆ ಕೇಳಿದ್ದೆಲ್ಲ. ನಿನಗ ಮರುವು ಐತೇನು? ಇಷ್ಟು ಸಣ್ಣ ವಯಸ್ಸಿಗೆ ಮರುವು ಇದ್ದೋರು ಸೂಜಿ ಹೆಂಗ ಮಾಡ್ತೀರಿ?" ಎಂದು ವಾರ್ಡಿಗೆಲ್ಲ ಕೇಳುವಂತೆ ಅಂದಳು.

ನಮ್ಮ ಕಡೆ ಹಿರಿಯರ ಮುಖಕ್ಕೆ ಮುಖ ಕೊಟ್ಟು ಹೆಸರು ಕೇಳುವುದು ಒರಟುತನ. ಪಕ್ಕದಲ್ಲಿರುವ ಕಿರಿಯರನ್ನು ಕೇಳಬೇಕು, ಅವರೂ ದನಿ ತಗ್ಗಿಸಿ ಹೇಳಬೇಕು. ಮೂರನೆಯ ದಿನಕ್ಕೆ ನಾನು ಕೇಳುವುದನ್ನೇ ಬಿಟ್ಟೆ. ಎಲ್ಲರೂ ಮಾಡುವಂತೆ ಮಂಚದ ನಂಬರು ಹಿಡಿದೆ. ನಾಲ್ಕಕ್ಕೆ ಸೂಜಿ, ಏಳಕ್ಕೆ ಪಟ್ಟಿ, ಒಂಬತ್ತು ಹೇಳದೆ ಕೇಳದೆ ಊರಿಗೆ ಹೋಗಿದ್ದಾಳೆ. ಕೆಲಸ ಸರಸರ ಸಾಗತೊಡಗಿತು.

ನಾಲ್ಕನೆಯ ಮಂಚದವಳು ವಳಕಮದಿನ್ನಿಯವಳು. ಕಾಲುವೆ ನೀರಿನ ಭತ್ತದ ಮನೆ, ಮೃದು ಮಾತಿನ ಹೆಂಗಸು. ಮುದಗಲ್ ಹತ್ತಿರದ ಹಳ್ಳಿಗೆ ಕೊಟ್ಟ ಮಗಳ ಮನೆಗೆ ಮೊಮ್ಮಗನ ಮೊದಲ ಕೂದಲು, ಅಂದರೆ ಜವಳ, ತೆಗೆಸುವ ಕಾರ್ಯಕ್ಕೆಂದು ಬಂದವಳು, ಅಲ್ಲಿನ ಹೊಸ್ತಿಲು ಎಡವಿ ಹೆಬ್ಬೆರಳು ಒಡೆದುಕೊಂಡಿದ್ದಳು. ಸಕ್ಕರೆ ಕಾಯಿಲೆ ಇದ್ದುದರಿಂದ ಗಾಯ ಕೆಟ್ಟು ನಮ್ಮಲ್ಲಿಗೆ ಬಂದಿದ್ದಳು. ದಿನಕ್ಕೆ ಮೂರು ಸಲ ಊಟಕ್ಕೆ ಮೊದಲು ಇನ್ಸುಲಿನ್ ಸೂಜಿ ಕೊಡಬೇಕಿತ್ತು. ಕಾಲಿಗೆ ಬಿಳಿ ಪಟ್ಟಿ ಇತ್ತು. ಫ್ಯಾನಿನ ನೇರ ಕೆಳಗಿನ ಮಂಚ ಅವಳದು.

ಒಂದು ಸಂಜೆ ನಾನು ಪಾಳಿ ಮುಗಿಸಿ ಹೋದ ಮೇಲೆ ಐದನೆಯ ಮಂಚಕ್ಕೆ ವಾಂತಿಭೇದಿಯಿಂದ ಇನ್ನೊಬ್ಬಳು ಬಂದಳು. ಇವಳು ನಾಲ್ಕನೆಯವಳ ಬೀಗತಿ. ಅಂದರೆ ವಳಕಮದಿನ್ನಿಯವಳ ಮಗಳಿಗೆ ಅತ್ತೆ. ಒಬ್ಬಳು ಹೆಣ್ಣಿನ ತಾಯಿ, ಒಬ್ಬಳು ಗಂಡಿನ ತಾಯಿ. ನಡುವೆ ಊಟದ ಡಬ್ಬಿ ಹಿಡಿದುಕೊಂಡು ನಿಂತ ಹುಡುಗಿ ಒಬ್ಬಳಿಗೆ ಮಗಳು, ಇನ್ನೊಬ್ಬಳಿಗೆ ಸೊಸೆ. ಅವಳನ್ನು ನೋಡಿದರೆ ಕಾಯಿಲೆ ಅವಳಿಗೇ ಬಂದಂತೆ ಕಾಣುತ್ತಿತ್ತು.

ಗಂಡಿನ ತಾಯಿಗೆ ಮೊದಲೇ ಸಿಟ್ಟಿತ್ತು. ಜವಳದ ದಿನ ಬೀಗರು ಉಡಿಸಿದ ಸೀರೆಯ ಅಂಚು ಅವಳ ಓರಗಿತ್ತಿಯ ಸೀರೆಯ ಅಂಚಿಗಿಂತ ಎರಡು ಬೆರಳು ಸಣ್ಣದಿತ್ತಂತೆ. ಅಂದಿನಿಂದ ಬೀಗರ ಅಕ್ಕಿ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಳು. ವಾಂತಿ ನಿಂತಿದೆ, ಮೆತ್ತಗಿನ ಮೊಸರನ್ನ ಉಣ್ಣಿ ಎಂದು ಡಾಕ್ಟರು ಮರುದಿನ ಬೆಳಿಗ್ಗೆಯೇ ಹೇಳಿ ಹೋಗಿದ್ದರು. ಆದರೆ ಮನೆಯಲ್ಲಿದ್ದ ಅಕ್ಕಿಯೆಲ್ಲ ವಳಕಮದಿನ್ನಿಯಿಂದ ಬಂದದ್ದು. ಡಬ್ಬಿ ಮುಚ್ಚಿಯೇ ಇತ್ತು.

ಅದಕ್ಕಿಂತ ದೊಡ್ಡ ಅವಮಾನ ಅವಳಿಗೆ ಆಸ್ಪತ್ರೆಯಲ್ಲಿ ಕಾದಿತ್ತು. ಹೆಣ್ಣಿನ ಕಡೆಯವಳಿಗೆ ಫ್ಯಾನು, ಗಂಡಿನ ಕಡೆಯವಳಿಗೆ ಗೋಡೆ. ಹೆಣ್ಣಿನ ಕಡೆಯವಳಿಗೆ ದಿನಕ್ಕೆ ಮೂರು ಸೂಜಿ, ಗಂಡಿನ ಕಡೆಯವಳಿಗೆ ಎರಡು ಗುಳಿಗೆ. ಮದುವೆ ಮನೆಯಲ್ಲಿ ನಡೆಯದ್ದು ದವಾಖಾನೆಯಲ್ಲಿ ನಡೆಯುತ್ತಿದೆ ಎಂದು ಅವಳು ಬೆಳಿಗ್ಗೆಯಿಂದ ಗೊಣಗುತ್ತಿದ್ದಳಂತೆ. ಇದೆಲ್ಲ ನನಗೆ ಆಮೇಲೆ ಆ ಹುಡುಗಿ ಹೇಳಿದ್ದು. ಕೊನೆಗೆ ಹೆಣ್ಣಿನ ತಾಯಿ ಪಟ್ಟಿ ಕಟ್ಟಿದ ಕಾಲನ್ನು ಎಳೆದುಕೊಂಡು ಎದ್ದು, "ಬೀಗತ್ಯಾರ, ನೀವು ಇಲ್ಲಿ ಬರ್ರಿ," ಎಂದು ನಾಲ್ಕನೆಯ ಮಂಚ ಬಿಟ್ಟುಕೊಟ್ಟು ಐದಕ್ಕೆ ಹೋಗಿ ಕೂತಳು. ಬೀಗತಿ ಹೋಗಿ ಮಲಗಿದಳು. ಮಂಚದ ಕಾಲಿನ ಕಡೆ ತೂಗುಹಾಕಿದ್ದ ಫೈಲು ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು.

ಆ ಹೊತ್ತಿಗೆ ನಾನು ವಾರ್ಡಿನ ಇನ್ನೊಂದು ತುದಿಯಲ್ಲಿ ಸಿಸ್ಟರ್ ಹತ್ತಿರ ಬೈಸಿಕೊಳ್ಳುತ್ತಿದ್ದೆ. ವಾರ್ಡಿನ ಸಿಸ್ಟರ್ ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನವರು. ಮನೆಯಲ್ಲಿ ಬಂಗಾಳಿ, ವಾರ್ಡಿನಲ್ಲಿ ನಮಗಿಂತ ಖಡಕ್ ಕನ್ನಡ. ನಾನು ಹಾಸಿದ ಹಾಸಿಗೆಯ ಮೂಲೆಗಳನ್ನು ನೋಡಿ, "ಇದು ಹಾಸಿಗಿ ಹಾಸಿದ್ದೇನು, ಗಂಟು ಕಟ್ಟಿದ್ದೇನು?" ಎಂದು ಎಲ್ಲರ ಮುಂದೆ ಕೇಳಿದ್ದರು. ನನ್ನ ಮೂಗು ಕೆಂಪಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲ್ಕನೆಯ ಮಂಚದ ಇನ್ಸುಲಿನ್ ಸಿರಿಂಜಿಗೆ ತೆಗೆದೆವು. ಬಾಟಲಿ, ಪ್ರಮಾಣ ಎಲ್ಲ ಇಬ್ಬರೂ ಸೇರಿ ನೋಡಿದೆವು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಅವರಿಗೆ ಕರೆ ಬಂತು.

"ನಾ ಬರೋ ತನಕ ಕೊಡಬ್ಯಾಡ," ಎಂದು ಹೇಳಿ ಹೋದರು.

ಕಾದೆ. ಎಷ್ಟು ಹೊತ್ತು ಎಂದು ಕೇಳಬೇಡಿ, ಹೇಳಲು ನಾಚಿಕೆ. ನನಗೆ ಹಸಿವಾಗಿತ್ತು, ಸಿಟ್ಟೂ ಇತ್ತು. ಮೂಲೆ ಮಡಚಲು ಬಾರದವಳು ಎಂದರಲ್ಲ, ಸೂಜಿಯಾದರೂ ಬರುತ್ತದೆ ಎಂದು ತೋರಿಸುತ್ತೇನೆ ಅಂದುಕೊಂಡು ತಟ್ಟೆ ಎತ್ತಿಕೊಂಡು ಹೊರಟೆ.

ನಾಲ್ಕನೆಯ ಮಂಚದಲ್ಲಿ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಖ ಆಚೆ ತಿರುಗಿಸಿ ಒಬ್ಬಳು ಮಲಗಿದ್ದಳು. ಬೀಗತಿಯರಿಬ್ಬರ ಸೀರೆಯೂ ಇಳಕಲ್ಲಿನವೇ. ಫೈಲು ನೋಡಿದೆ, ಬಾಟಲಿಯ ಹೆಸರಿಗೆ ಕೂಡಿತು. ಫೈಲಿನ ನಂಬರು ಮಂಚದ ನಂಬರಿಗೆ ಕೂಡಿತು. ಎಲ್ಲವೂ ಒಂದಕ್ಕೊಂದು ಕೂಡಿದವು, ಮಲಗಿದ ಹೆಂಗಸನ್ನು ಬಿಟ್ಟು.

"ಅಮ್ಮಾ, ಸೂಜಿ," ಎಂದೆ.

ತೋಳು ಫಟ್ಟನೆ ಹೊರಗೆ ಬಂತು. "ಮಾಡವ್ವ, ಮಾಡು. ನಿನ್ನೆಯಿಂದ ಕಾಯಾಕತ್ತೀನಿ. ಈಗರ ನಮ್ಮ ನೆನಪಾತಲ್ಲ ನಿಮಗ," ಎಂದಿತು ಸೆರಗಿನೊಳಗಿನ ದನಿ.

ಯಾವ ರೋಗಿ ಸೂಜಿಗೆ ಹೀಗೆ ಹಂಬಲಿಸುತ್ತಾನೆ? ಅಲ್ಲಿಯೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ನಾನು ಉಬ್ಬಿಹೋದೆ. ನನ್ನ ಕೈಗುಣ ವಾರ್ಡಿಗೆಲ್ಲ ಗೊತ್ತಾಗಿದೆ ಅಂದುಕೊಂಡೆ. ಪಕ್ಕದ ಮಂಚದವಳು ಬಾಯಿ ಅರ್ಧ ತೆರೆದು, ಮಗಳ ಮುಖ ನೋಡಿ, ಮತ್ತೆ ಮುಚ್ಚಿಕೊಂಡಳು. ಮಗಳು ಡಬ್ಬಿಯ ಮುಚ್ಚಳ ನೋಡುತ್ತ ನಿಂತಳು. ಮುಖ ಯಾರದೆಂದು ನೋಡದೆ ಕಣ್ಣಂಚಿನಲ್ಲೇ ಅದನ್ನೂ ಕಂಡೆ, ಮೆಚ್ಚಿಕೊಂಡು ನೋಡುತ್ತಿದ್ದಾರೆ ಎಂದೇ ತಿಳಿದೆ. ಸೂಜಿ ಕೊಟ್ಟೆ. ಬಹಳ ಚೆನ್ನಾಗಿಯೇ ಕೊಟ್ಟೆ.

"ಈಗ ಲಗೂನ ಊಟ ಮಾಡ್ರಿ," ಎಂದೆ.

"ಈ ಅಕ್ಕಿ ನಾ ಮುಟ್ಟಂಗಿಲ್ಲ."

"ಶುಗರ್ ಸೂಜಿ ಮಾಡಿದ ಮ್ಯಾಲ ಉಣ್ಣಬೇಕ್ರೀ."

ಅವಳು ಸೆರಗು ಸರಿಸಿ ನನ್ನ ಕಡೆ ತಿರುಗಿದಳು. "ನನಗೆಲ್ಲಿ ಶುಗರ್ ಐತಿ? ಅದು ಆಕಿಗೆ ಐತಿ. ಅಕ್ಕಿ ಉಂಡು ಉಂಡು ಬಂದೈತಿ. ನಾವು ರೊಟ್ಟಿ ತಿನ್ನೋ ಮಂದಿ."

ನಾನು ಕಾಲಿನ ಕಡೆ ನೋಡಿದೆ. ಕಾಲುಂಗುರ ಹಾಕಿದ ಎರಡು ಗಟ್ಟಿಮುಟ್ಟು ಪಾದಗಳು, ಪಟ್ಟಿ ಇಲ್ಲ, ಗಾಯ ಇಲ್ಲ. ಪಟ್ಟಿ ಕಟ್ಟಿದ ಕಾಲು ಐದನೆಯ ಮಂಚದಿಂದ ಜೋತುಬಿದ್ದಿತ್ತು. ಸಕ್ಕರೆ ಕಾಯಿಲೆ ಇಲ್ಲದವಳು, ನಿನ್ನೆಯಿಂದ ಹೊಟ್ಟೆಗೆ ಅನ್ನವಿಲ್ಲದವಳು. ಅವಳ ಮೈಗೆ ಇನ್ಸುಲಿನ್ ಹೋಗಿದೆ. ರಕ್ತದಲ್ಲಿನ ಸಕ್ಕರೆ ಇಳಿಯುತ್ತ ಹೋದರೆ ಎಚ್ಚರ ತಪ್ಪುತ್ತದೆ, ಹಾಗೇ ಬಿಟ್ಟರೆ ಜೀವವೇ ಹೋಗಬಹುದು. ಇದನ್ನು ಹದಿನೈದು ದಿನದ ಹಿಂದೆ ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಆ ಕ್ಷಣ ನನಗೆ ಮೊದಲು ಹೊಳೆದದ್ದು ಅವಳ ಜೀವವಲ್ಲ. ಯಾರಿಗೂ ಗೊತ್ತಿಲ್ಲ ಎನ್ನುವುದು ಹೊಳೆಯಿತು. ಒಂದು ಬಾಳೆಹಣ್ಣು ತಿನ್ನಿಸಿದರೆ ಎಲ್ಲ ಸರಿಹೋಗಬಹುದು, ಕಾಲೇಜಿನಿಂದ ತೆಗೆದುಹಾಕಿದರೆ ಮಸ್ಕಿಯ ಓಣಿಯಲ್ಲಿ ಮುಖ ತೋರಿಸುವುದು ಹೇಗೆ ಎಂದೆಲ್ಲ ತಲೆಯಲ್ಲಿ ಓಡಿತು. ತಟ್ಟೆ ಹಿಡಿದುಕೊಂಡು ಅಷ್ಟು ಹೊತ್ತು ನಿಂತದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆಮೇಲೆ ಓಡಿದೆ. ಹೆರಿಗೆ ಕೋಣೆಯ ಬಾಗಿಲಲ್ಲೇ ಸಿಸ್ಟರಿಗೆ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಡೆಯುತ್ತಲೇ ಡಾಕ್ಟರಿಗೆ ಫೋನು ಮಾಡಿ, ಬಂದವರೇ ಅವಳ ಬೆರಳು ಚುಚ್ಚಿ ಸಕ್ಕರೆ ನೋಡಿದರು. "ಈಗ ಬರೋಬ್ಬರಿ ಐತಿ. ಇನ್ನ ಇಳಿಯಾಕ ಹತ್ತತೈತಿ. ಎಚ್ಚರ ಇದ್ದಾಗ ಬಾಯಿಲೆ ಹೋಗಬೇಕು. ರಾತ್ರಿ ಸಲೈನ್ ಹಚ್ಚಾಕ ನರ ಸಿಗದ ನಾಕು ಕಡೆ ಚುಚ್ಯಾರ," ಎಂದು ನನಗೆ ಸಣ್ಣಗೆ ಹೇಳಿ, ಗ್ಲೂಕೋಸ್ ಬಾಟಲಿಯನ್ನೂ ಮಂಚದ ಪಕ್ಕ ತಂದಿಡಿಸಿದರು.

ಅಲ್ಲಿಂದ ಶುರುವಾಯಿತು ಉಣ್ಣಿಸುವ ಯುದ್ಧ. ಸಕ್ಕರೆ ನೀರು ಕಲಸಿ ತಂದೆ. "ಸಕ್ಕರಿ ಕುಡಿಸಿ ಆಕಿ ಬ್ಯಾನಿ ನನಗ ಹಚ್ಚತೀರೇನು?" ಎಂದು ತುಟಿ ಬಿಗಿದಳು. ಬಾಳೆಹಣ್ಣು ಸುಲಿದೆ. ಯಾರು ತಂದದ್ದು ಎಂದು ಕೇಳಿದಳು, ಬೀಗತಿಯ ಚೀಲದಿಂದ ಬಂದದ್ದೆಂದು ತಿಳಿದು ಮುಖ ತಿರುಗಿಸಿದಳು. ಸಿಸ್ಟರ್ ತಮ್ಮ ಡಬ್ಬಿಯ ಬಿಸ್ಕಿಟ್ ಕೊಟ್ಟರೆ, "ನೀವು ಒಳ್ಳೇರು, ಆದ್ರ ಇದು ನಮ್ಮ ಮನಿ ಮಾತು," ಎಂದಳು. ಏಳನೆಯ ಮಂಚದವಳು, ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ, ನಮ್ಮ ಎಮ್ಮೆಗೆ ಹಾಗೇ ಔಷಧ ಕುಡಿಸುತ್ತೇವೆ ಎಂದು ಸಲಹೆ ಕೊಟ್ಟಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನೆಯ ಸಲ ಬೆರಳು ಚುಚ್ಚಿದಾಗ ಸಕ್ಕರೆ ಇಳಿದಿತ್ತು. ಅವಳ ಹಣೆಯ ಕುಂಕುಮದ ಸುತ್ತ ಬೆವರು ಮೂಡಿತ್ತು.

"ಯಾಕೋ ಕೈ ನಡಗಾಕತ್ತಾವು," ಎಂದಳು. "ಇರಲಿ. ಆ ಅಕ್ಕಿ ಮಾತ್ರ ಒಲ್ಲೆ."

ಸಿಸ್ಟರ್ ಕೈಗೆ ಪಟ್ಟಿ ಬಿಗಿದು ನರ ಹುಡುಕತೊಡಗಿದರು. ಹುಡುಕುತ್ತಲೇ ನನ್ನ ಕಡೆ ನೋಡಿ, "ಹೇಳು. ಆಕಿಗೆ ಖರೇನ ಹೇಳು," ಎಂದರು.

ನಾನು ಮಂಚದ ಪಕ್ಕ ಮೊಣಕಾಲೂರಿ ಕೂತೆ. ಅಷ್ಟರಲ್ಲಾಗಲೇ ನನ್ನ ಮೂಗು ಸೋರುತ್ತಿತ್ತು. "ಅವ್ವಾ, ತಪ್ಪು ನಂದು. ಆ ಸೂಜಿ ನಿಮ್ಮದಲ್ಲ, ನಿಮ್ಮ ಬೀಗತ್ಯಾರದು. ನೀವು ಯಾರಂತ ಕೇಳದ ಮಾಡಿಬಿಟ್ಟೆ. ಈಗ ಉಣ್ಣಲಿಲ್ಲಂದ್ರ ನಿಮಗ ಎಚ್ಚರ ತಪ್ಪತೈತಿ. ನನಗ ಹೊಡೀರಿ, ಬೈರಿ, ಆಮ್ಯಾಲ ಏನರ ಮಾಡ್ರಿ. ಈಗ ಉಣ್ರಿ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ನನ್ನನ್ನು ಬಿಟ್ಟು ಪಕ್ಕದ ಮಂಚದ ಕಡೆ ತಿರುಗಿದಳು.

"ಇದು ಸಣ್ಣ ಹುಡುಗಿ, ತಿಳೀಲಿಲ್ಲ. ನಿನಗ ಗೊತ್ತಿದ್ದಿಲ್ಲೇನು, ಅದು ನಿನ್ನ ಸೂಜಿ ಅಂತ?"

"ಗೊತ್ತಿತ್ರೀ," ಎಂದಳು ಹೆಣ್ಣಿನ ತಾಯಿ.

"ಮತ್ಯಾಕ ಬಾಯಿ ಬಿಡಲಿಲ್ಲ?"

ಹೆಣ್ಣಿನ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು. "ಇಷ್ಟು ಆಗತೈತಂತ ಗೊತ್ತಿದ್ದಿಲ್ರೀ ಬೀಗತ್ಯಾರ. ಸೂಜಿ ಅಂದ್ರ ಶಕ್ತೀಗೇ ಅಂತ ತಿಳಿದೆ. ನೀವು ಅಷ್ಟು ಆಸೀಲೆ ತೋಳು ಚಾಚಿದ್ರಿ. ಅದು ನಂದು ಅಂದಿದ್ರ ನಿಮಗ ಸಿಟ್ಟು ಬರ್ತಿತ್ತು. ನಾ ನಾಳೆ ನಮ್ಮೂರಿಗೆ ಹೋಗಾಕಿ. ನನ್ನ ಮಗಳು ನಿಮ್ಮ ಮನ್ಯಾಗ ಇರಬೇಕಲ್ರೀ."

ಏಳನೆಯ ಮಂಚದವಳು ಎದ್ದು ಕೂತಳು.

"ನಾ ಅಷ್ಟು ಕೆಟ್ಟಾಕಿ ಅದೀನೇನು?" ಎಂದು ಗಂಡಿನ ತಾಯಿ ಸೊಸೆಯನ್ನು ಕೇಳಿದಳು.

ಆ ಹುಡುಗಿ ಇಲ್ಲ ಅನ್ನಲಿಲ್ಲ. ಅನ್ನುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳು ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದಳು. ಅತ್ತೆ ನಡುಗುವ ಕೈ ಚಾಚಿದಳು.

"ತಾ ಇಲ್ಲಿ ಆ ಡಬ್ಬಿ."

ಮೊಸರನ್ನಕ್ಕೆ ನಾನು ಸಕ್ಕರೆ ಸುರಿದೆ, ಅವಳು ಉಂಡಳು. ಸಕ್ಕರೆ ನೀರನ್ನೂ ಕುಡಿದಳು. ಅನ್ನ ಮುದ್ದೆಯಾಗಿದೆ, ಮೊಸರು ಹುಳಿ, ಸಕ್ಕರೆ ಹಾಕಿ ಇದ್ದ ರುಚಿಯನ್ನೂ ಕೆಡಿಸಿದಿ ಎಂದು ಪ್ರತಿ ತುತ್ತಿಗೂ ತಪ್ಪು ಹುಡುಕುತ್ತಲೇ ಡಬ್ಬಿ ಖಾಲಿ ಮಾಡಿದಳು. ಮೂರನೆಯ ಸಲ ಚುಚ್ಚಿದಾಗ ಸಕ್ಕರೆ ಮತ್ತೆ ಏರಿತ್ತು. ಡಾಕ್ಟರು ಬಂದು ನೋಡಿ, ಸಂಜೆಯವರೆಗೆ ಆಗಾಗ ಚುಚ್ಚಿ ನೋಡುತ್ತಿರಿ ಎಂದರು. ನಡುವೆ ಒಮ್ಮೆ ಇಳಿದು ನಮ್ಮೆಲ್ಲರ ಜೀವ ಬಾಯಿಗೆ ತಂದಿತು, ಇನ್ನೊಂದು ಲೋಟ ಸಕ್ಕರೆ ನೀರಿಗೆ ಮತ್ತೆ ಸರಿಹೋಯಿತು. "ಕೈಬೆರಳು ಮುಗದ್ವು. ಕಾಲಿನವು ಹತ್ತು ಅದಾವ ನೋಡು, ಅವನ್ಯಾಕ ಬಿಡ್ತಿ?" ಎಂದು ಅವಳು ಅಂದಾಗ ಸಿಸ್ಟರ್ ಕೂಡ ನಕ್ಕರು.

ಸಿಸ್ಟರ್ ಹೆಣ್ಣಿನ ತಾಯಿಗೆ ಅವಳ ಮಧ್ಯಾಹ್ನದ ಸೂಜಿಯನ್ನು ತಾವೇ ಕೊಟ್ಟು, ಆಮೇಲೆ ನನ್ನ ಮುಂದೆ ಒಂದು ಹಾಳೆ ಇಟ್ಟರು. ಏನಾಯಿತೋ ಎಲ್ಲ ಬರೆಯಬೇಕಿತ್ತು. ನಾನು ಬೀಗರು ಮಂಚ ಬದಲಿಸಿದ್ದರಿಂದ ಎಂದು ಶುರುಮಾಡಿದ್ದೆ. ಅವರು ಅದನ್ನು ಹೊಡೆದುಹಾಕಿ, "ಮಂದಿ ಮಂಚ ಬದಲಿಸ್ತಾರ, ಊರು ಬದಲಿಸ್ತಾರ, ಅದು ಅವರ ಮರ್ಜಿ. ನೀ ಏನು ಮಾಡಲಿಲ್ಲ, ಅದನ್ನ ಬರಿ," ಎಂದರು. ಕಾಯದೆ ಹೋದೆ, ಹೆಸರು ಕೇಳಲಿಲ್ಲ ಎಂದು ಬರೆದೆ. ನನ್ನನ್ನು ಕಾಲೇಜಿನಿಂದ ತೆಗೆಯಲಿಲ್ಲ. ಒಂದು ತಿಂಗಳು ಸೂಜಿ ಮುಟ್ಟಲು ಬಿಡಲಿಲ್ಲ, ಹಾಸಿಗೆಯ ಮೂಲೆಗಳನ್ನಷ್ಟೇ ಮಡಚಿದೆ. ಆದರೆ ಆ ದಿನದ ಸಂಜೆಯ ಸೂಜಿಯನ್ನು ಮಾತ್ರ ಸಿಸ್ಟರ್ ನನ್ನ ಕೈಯಿಂದಲೇ ಕೊಡಿಸಿದರು. ಇವತ್ತು ಬಿಟ್ಟರೆ ಜನ್ಮದಲ್ಲಿ ಮುಟ್ಟುವುದಿಲ್ಲ ಇವಳು ಎಂದು ಅವರಿಗೆ ಅನ್ನಿಸಿತ್ತಂತೆ.

ಪಾಳಿ ಮುಗಿದಿದ್ದರೂ ನಾನು ಹೋಗಿರಲಿಲ್ಲ. ತಟ್ಟೆ ಹಿಡಿದು ವಾರ್ಡಿಗೆ ಬಂದೆ, ಸಿಸ್ಟರ್ ಬೆನ್ನಿಗೇ ಇದ್ದರು. ಇಬ್ಬರು ಬೀಗತಿಯರೂ ಫ್ಯಾನಿನ ಕೆಳಗಿನ ಒಂದೇ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಮಂಚ ವಾಪಸು ಕೊಡುತ್ತೇನೆ ಎಂದು ಒಬ್ಬಳು, ಬೇಡ ನೀವೇ ಇರಿ ಎಂದು ಇನ್ನೊಬ್ಬಳು ಅರ್ಧ ತಾಸಿನಿಂದ ಜಗ್ಗಾಡಿ, ಯಾರೂ ಗೆಲ್ಲದೆ ಹಾಗೆ ಕೂತಿದ್ದರಂತೆ. ನಾನು ಕೇಳಬೇಕಾದ್ದನ್ನು ಕೇಳಲು ಬಾಯಿ ತೆರೆಯುವ ಮೊದಲೇ ಹೆಣ್ಣಿನ ತಾಯಿ ತೋಳಿನ ಸೆರಗು ಸರಿಸಿದಳು. ಅವಳು ನೋಡುತ್ತಿದ್ದುದು ನನ್ನನ್ನಲ್ಲ, ಬೀಗತಿಯನ್ನು.

"ಅದು ನಂದು," ಎಂದಳು. ದನಿ ಸಣ್ಣದಿತ್ತು, ಆದರೆ ಪೂರ್ತಿ ಇತ್ತು.

ಬೀಗತಿ ಸ್ವಲ್ಪ ಆಚೆ ಸರಿದು ನನಗೆ ನಿಲ್ಲಲು ಜಾಗ ಮಾಡಿಕೊಟ್ಟಳು. ಅವರ ಹಿಂದೆ ನಿಂತಿದ್ದ ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.